ಪರಿಮಳಕ್ಕ ಹಿಡಿದ ಸೀನಿನ ಲೆಕ್ಕ

ಪರಿಮಳಕ್ಕನಿಗೆ ಆ ಹೆಸರು ಇಟ್ಟವರು ಅಪ್ಪ ಅಮ್ಮ ಅಲ್ಲ, ಲಿಫ್ಟಿನವನು. ಆರು ಮಹಡಿಯ ಆ ಕಟ್ಟಡದಲ್ಲಿ ಅವಳು ಇವತ್ತು ಯಾವ ಮಹಡಿಯ ನೆಲ ಒರೆಸಿದ್ದಾಳೆ ಎನ್ನುವುದನ್ನು ಅವನು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದ. ಫಿನಾಯಿಲು, ಲ್ಯಾವೆಂಡರು, ನಿಂಬೆ. ಈ ಮೂರು ಬಾಟಲಿಗಳ ಕೂಡುಕುಟುಂಬವನ್ನು ಒಂದೇ ಬಕೆಟ್ಟಿನಲ್ಲಿ ಹೇಗೆ ಸಂಸಾರ ಮಾಡಿಸುತ್ತಾಳೆ ಎನ್ನುವುದು ಅವಳ ಕೈಗೆ ಮಾತ್ರ ಗೊತ್ತಿದ್ದ ಗುಟ್ಟು.

ಕೆಲಸ ಮುಗಿಯಿತೋ ಇಲ್ಲವೋ ಎಂದು ತಿಳಿಯಲು ಅವಳದೇ ಒಂದು ಪರೀಕ್ಷೆ ಇತ್ತು. ನೆಲ ಒಣಗಿದ ಮೇಲೆ ಹೊರಗೆ ಹೋಗಿ ಬಾಗಿಲು ಎಳೆದುಕೊಳ್ಳುವುದು, ಮತ್ತೆ ತೆರೆದು ನೆಂಟರ ಹಾಗೆ ಒಳಗೆ ಬರುವುದು, ಒಂದು ಸಲ ಉದ್ದಕ್ಕೆ ಉಸಿರೆಳೆಯುವುದು. ಘಮ್ಮೆಂದರೆ ಪಾಸು. ಇಲ್ಲವಾದರೆ ಇನ್ನೊಂದು ಮುಚ್ಚಳ. “ಕಣ್ಣು ಮೋಸ ಮಾಡುತ್ತೆ, ಮೂಗು ಮಾಡಲ್ಲ” ಎನ್ನುತ್ತಿದ್ದಳು. ಇಪ್ಪತ್ತು ವರ್ಷ ಆ ಘಾಟಿನಲ್ಲೇ ಮುಳುಗಿ ಎದ್ದ ಮೂಗು ಅಷ್ಟರಲ್ಲಿ ಅರ್ಧ ನಿವೃತ್ತಿ ತೆಗೆದುಕೊಂಡಿತ್ತು ಎನ್ನುವುದನ್ನು ಮಾತ್ರ ಯಾರೂ ಅವಳಿಗೆ ಹೇಳಿರಲಿಲ್ಲ. ಮೂಗೇ ಹೇಳಬೇಕಿತ್ತು, ಅದು ಸುಮ್ಮನಿತ್ತು.

ಅವಳು ಒರೆಸುತ್ತಿದ್ದ ಮನೆಗಳಲ್ಲಿ ಮೂರನೇ ಮಹಡಿಯ ಘೋಷಕರ ಮನೆ ಅವಳ ಪಾಲಿಗೆ ಪಟ್ಟದ ಮನೆ. ಯಜಮಾನರದು ರೈಲು ನಿಲ್ದಾಣದಲ್ಲಿ ಕೂತು “ಪ್ರಯಾಣಿಕರ ಗಮನಕ್ಕೆ” ಎನ್ನುವ ಕೆಲಸ. ಊರಿಗೆಲ್ಲ ಅವರ ಧ್ವನಿ ಗೊತ್ತು, ಮುಖ ಯಾರಿಗೂ ಗೊತ್ತಿಲ್ಲ. ಅವರ ಹೆಂಡತಿ ಮನೆಯಲ್ಲೇ ಕಿಟಕಿ ಪರದೆ ಹೊಲಿಯುತ್ತಿದ್ದರು. ಮನೆಯ ಮೂರನೆಯ ಸದಸ್ಯ ಒಂದು ಕಪ್ಪುಬಿಳುಪು ಬೆಕ್ಕು. ಕಿಟಕಿಯಲ್ಲಿ ಕೂತು, ದೂರದಲ್ಲಿ ರೈಲು ಹೋದಾಗಲೆಲ್ಲ ಬಾಲ ಬೀಸುತ್ತಿದ್ದುದರಿಂದ ಅದಕ್ಕೆ ಗಾರ್ಡ್ ಎಂದು ಹೆಸರು ಬಿದ್ದಿತ್ತು. ಒಂಬತ್ತು ವರ್ಷದಿಂದ ಯಜಮಾನರು ಹೊಸ ರೈಲಿನ ಹೆಸರು ಬಂದರೆ ಮೊದಲು ಗಾರ್ಡ್ ಎದುರಿಗೆ ಹೇಳಿ ನೋಡಿಕೊಳ್ಳುತ್ತಿದ್ದರು.

ಪರಿಮಳಕ್ಕ ಬಕೆಟ್ ಎತ್ತಿದಳೆಂದರೆ ಗಾರ್ಡ್ ಒಂದೇ ನೆಗೆತಕ್ಕೆ ಫ್ರಿಜ್ಜಿನ ಮೇಲೇರಿ, ಅವಳು ಹೋಗುವವರೆಗೂ ಇಳಿಯುತ್ತಿರಲಿಲ್ಲ. “ನೋಡಿ, ನಾನು ಒರೆಸಿದ ನೆಲಕ್ಕೆ ಕಾಲಿಡಲ್ಲ. ಮನುಷ್ಯರಿಗಿಲ್ಲದ ಮರ್ಯಾದೆ ಅದಕ್ಕಿದೆ” ಎಂದು ಅವಳು ಹೆಮ್ಮೆ ಪಡುತ್ತಿದ್ದಳು.

ಎಲ್ಲ ಸರಿಯಿತ್ತು, ಅವಳ ಮೊಣಕಾಲು ಕೈಕೊಡುವವರೆಗೆ. ವಾರಕ್ಕೆ ಆರು ದಿನ ಎಲ್ಲ ಮನೆಗಳಲ್ಲೂ ಬಗ್ಗಲು ಆಗದೆ, ಈ ಮನೆಗೆ ಗುರುವಾರದಿಂದ ಶನಿವಾರದವರೆಗೆ ಬೇರೆಯವರನ್ನು ನೋಡಿಕೊಳ್ಳಿ ಎಂದವಳೂ ಅವಳೇ, “ನಮ್ಮನೆಯೋಳೇ ಒಬ್ಬಳಿದ್ದಾಳೆ” ಎಂದು ಮೈದುನನ ಹೆಂಡತಿಯನ್ನು ತಂದು ನಿಲ್ಲಿಸಿದವಳೂ ಅವಳೇ. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುವುದು ಅಂದರೆ ಇದು. ಅದೂ ನೋಯುತ್ತಿದ್ದ ಕಾಲ ಮೇಲೆಯೇ.

ಓರಗಿತ್ತಿಯರಿಬ್ಬರ ಮನೆಗೂ ನಡುವೆ ಒಂದೇ ಗೋಡೆ, ಮುಂದೆ ಒಂದೇ ನಲ್ಲಿ. ಚಿಕ್ಕವಳು ಮೊದಲು ಆಸ್ಪತ್ರೆಯಲ್ಲಿ ಆಗತಾನೆ ಹುಟ್ಟಿದ ಕೂಸುಗಳ ವಾರ್ಡು ಒರೆಸುತ್ತಿದ್ದವಳು. ಅಲ್ಲಿ ಘಮಘಮ ಎನ್ನುವ ಯಾವುದಕ್ಕೂ ಪ್ರವೇಶವಿರಲಿಲ್ಲ. ಬಿಸಿನೀರು, ವಾಸನೆಯಿಲ್ಲದ ಸೋಪಿನ ಒಂದು ಚೂರು, ಮೂರು ಸಲ ಬದಲಿಸಿದ ನೀರು, ಅಷ್ಟೇ ಅವಳ ವಿದ್ಯೆ. ಮೊದಲ ಗುರುವಾರವೇ ಪರಿಮಳಕ್ಕ ಮೇಲಿನ ಮಹಡಿಯ ಕೆಲಸ ಮುಗಿಸಿ ಇಳಿಯುತ್ತಾ ಬಾಗಿಲಲ್ಲಿ ಮೂಗು ತೂರಿಸಿದಳು. ಮೂಗಿಗೆ ಏನೂ ಸಿಗಲಿಲ್ಲ.

“ಏನೇ ಇದು? ನೆಲ ಒರೆಸಿದ್ಯೋ, ಬರೀ ಮಾತಾಡಿಸಿ ಬಿಟ್ಯೋ?”

“ಒರೆಸಿದೀನಿ ಅಕ್ಕಾ.”

“ಮತ್ತೆ ವಾಸನೆ ಎಲ್ಲಿ?”

“ಕೊಳೆ ಹೋದ್ಮೇಲೆ ವಾಸನೆ ಯಾಕಕ್ಕಾ ಇರುತ್ತೆ?”

ಈ ಮಾತನ್ನು ಪರಿಮಳಕ್ಕ ಹೇಗೋ ಸಹಿಸಿಕೊಂಡಾಳು. ಸಹಿಸಲಾಗದ್ದು ಕಣ್ಣೆದುರಿಗೇ ಇತ್ತು: ಗಾರ್ಡ್ ಆ ಒದ್ದೆ ನೆಲದ ಮೇಲೆ ಅಂಗಾತ ಬಿದ್ದು, ಓರಗಿತ್ತಿಯ ಕಾಲ ಹೆಬ್ಬೆರಳನ್ನು ಆಟಕ್ಕೆ ಹಿಡಿದುಕೊಂಡಿತ್ತು. ಈ ಮನೆಯಲ್ಲಿ ಹತ್ತು ವರ್ಷ ದುಡಿದವಳಿಗೆ ಫ್ರಿಜ್ಜಿನ ಮೇಲಿನಿಂದ ದರ್ಶನ, ನಿನ್ನೆ ಬಂದವಳಿಗೆ ಹೊಟ್ಟೆ ತೋರಿಸುವ ಸಲಿಗೆ! ಒಳಗಿನಿಂದ ಹೊಲಿಗೆ ಯಂತ್ರ ನಿಲ್ಲಿಸಿ ಮನೆಯೊಡತಿ, “ನಿನ್ನ ಓರಗಿತ್ತಿ ಕೈ ಬಹಳ ಶುಚಿ ಕಣಮ್ಮ” ಎಂದರು. ಪರಿಮಳಕ್ಕ ನಕ್ಕಳು. ಬೆಂಕಿಪೆಟ್ಟಿಗೆಗೆ ಕಡ್ಡಿ ಗೀರಿದರೆ ಅದೂ ಹೀಗೇ ಬೆಳಗುತ್ತದೆ.

ಮುಂದಿನ ಸೋಮವಾರದಿಂದ ಬಕೆಟ್ಟಿಗೆ ಪ್ರತಿ ಬಾಟಲಿಯಿಂದಲೂ ಒಂದರ ಬದಲು ಮೂರು ಮುಚ್ಚಳ ಬಿತ್ತು. ಅವಳ ಲೆಕ್ಕ ಸರಳ. ಬುಧವಾರದ ಘಮ ಶನಿವಾರದವರೆಗೂ ನಿಂತರೆ, ಓರಗಿತ್ತಿ ಒರೆಸಿದ ನೆಲವೂ ಪರಿಮಳಕ್ಕನ ಹೆಸರೇ ಹೇಳಬೇಕು.

ಹದಿನೈದು ದಿನದಲ್ಲಿ ಯಜಮಾನರು ಸೀನತೊಡಗಿದರು. ಮನೆಯಲ್ಲಿ ಸೀನಿದ್ದರೆ ಮನೆಯವರಿಗೆ ಮಾತ್ರ ಗೊತ್ತಾಗುತ್ತಿತ್ತು. ಅವರು ಸೀನುತ್ತಿದ್ದುದು ಇಪ್ಪತ್ತೆರಡು ಧ್ವನಿವರ್ಧಕಗಳಲ್ಲಿ. “ಮೂರನೇ ಪ್ಲಾಟ್‌ಫಾರ್ಮಿಗೆ ಬರಲಿರುವ... ಆ... ಆ... ಆಕ್ಷೀ!” ಬೆಂಚಿನ ಮೇಲೆ ಕೂತವರು “ರೈಲಿಗೇ ನೆಗಡಿಯಂತೆ, ಅದಕ್ಕೇ ಲೇಟು” ಎಂದು ನಗುತ್ತಿದ್ದರು. ನಿಲ್ದಾಣದ ಮೇಲಧಿಕಾರಿ ನಗಲಿಲ್ಲ. ಯಜಮಾನರಿಗೆ ಸೀನಿನ ಜೊತೆಗೆ ಉಬ್ಬಸವೂ ಬಂತು.

ಅಲರ್ಜಿಯ ಡಾಕ್ಟರು, “ಬೆಕ್ಕಿರಬಹುದು, ಧೂಳಿರಬಹುದು, ಯಾವುದಾದರೂ ಘಾಟು ವಾಸನೆ ಇರಬಹುದು. ಒಂದೊಂದಾಗಿ ಬಿಟ್ಟು ನೋಡಿ” ಎಂದರಂತೆ. ಮೂರರಲ್ಲಿ ಮನೆಯೊಡತಿಯ ಕಿವಿಗೆ ಬಿದ್ದದ್ದು ಬೆಕ್ಕು. ಪೇಟೆಯಾಚೆ ಕಾಗದದ ಗೋದಾಮು ಇಟ್ಟುಕೊಂಡಿದ್ದ ತಮ್ಮನಿಗೆ ಫೋನು ಹೋಯಿತು. ಬರುವ ಭಾನುವಾರ ಬಂದು ಗಾರ್ಡನ್ನು ಒಯ್ಯಬೇಕು, ಅಲ್ಲಿ ಇಲಿ ಹಿಡಿದುಕೊಂಡು ಇರಲಿ. ಅದೇ ಸುದ್ದಿ ಪರಿಮಳಕ್ಕನ ಕಿವಿಗೆ ಬಿದ್ದಾಗ ಅವಳು ಹಿಡಿದುಕೊಂಡದ್ದು ಧೂಳನ್ನು.

“ಬೆಕ್ಕಲ್ಲ ಅಮ್ಮಾ. ಸೀನು ಶುರುವಾಗಿದ್ದು ಯಾವಾಗ? ಅವಳು ಬಂದ ಮೇಲೆ. ಬರೀ ನೀರಲ್ಲಿ ಒರೆಸಿದ್ರೆ ಧೂಳು ಹೋಗುತ್ತಾ? ಒಂದು ವಾರ ತಾಳಿ, ರುಜುವಾತು ತರ್ತೀನಿ.”

“ತಾ ತಾ. ಭಾನುವಾರದವರೆಗೂ ಟೈಮಿದೆ” ಎಂದರು ಒಡತಿ, ಬಾಯಿತುಂಬ ಗುಂಡುಸೂಜಿ ಇಟ್ಟುಕೊಂಡೇ.

ಪರಿಮಳಕ್ಕ ದಿನವೂ ಮನೆಗೆ ಹೋಗುತ್ತಿದ್ದುದು ಸಂಜೆ ಆರೂ ಹತ್ತರ ರೈಲಿಗೆ. ಆ ವಾರ ಐದಕ್ಕೇ ನಿಲ್ದಾಣಕ್ಕೆ ಬಂದು ತೂಕದ ಯಂತ್ರದ ಪಕ್ಕದ ಬೆಂಚಿನಲ್ಲಿ ಕೂತು, ರೈಲು ಪಾಸಿನ ಹಿಂಬದಿಯಲ್ಲಿ ಪೆನ್ನಿನಿಂದ ಸೀನಿಗೊಂದು ಗೀಟು ಹಾಕತೊಡಗಿದಳು. ಸೋಮವಾರ ನಾಲ್ಕು. ಮಂಗಳವಾರ ಏಳು. ಬುಧವಾರ ಒಂಬತ್ತು. ‘ಆಗಲಿ, ಇದು ಅವಳ ಹಳೇ ಧೂಳಿನ ಬಾಕಿ. ನಾಳೆಯಿಂದ ನೋಡು, ಮಳೆ ಸುರಿದ ಹಾಗೆ ಸೀನುತ್ತಾರೆ’ ಎಂದುಕೊಂಡಳು.

ಗುರುವಾರ ಮೂರೇ ಮೂರು. ಎಣಿಕೆ ತಪ್ಪಿರಬೇಕು ಎಂದುಕೊಂಡಳು. ಶುಕ್ರವಾರ ಒಂದು, ಅದೂ ಕೆಮ್ಮೋ ಸೀನೋ ಎಂಬ ಅನುಮಾನ. ಸೀನು ಎಂದೇ ಬರೆದುಕೊಂಡಳು.

ಶನಿವಾರ ಐದರಿಂದ ಆರರವರೆಗೆ ಯಜಮಾನರ ಧ್ವನಿ ಕಂಚಿನ ಗಂಟೆ ಹೊಡೆದಂತೆ ಬಂತು. ಆರೂ ಹತ್ತರ ರೈಲು ಬಂದು ನಿಂತಿತು. ಅವಳು ಹತ್ತಲಿಲ್ಲ. ‘ಒಂದು ಸೀನಿ, ಸಾರ್. ನಿಮ್ಮ ದಮ್ಮಯ್ಯ, ಒಂದೇ ಒಂದು’ ಎಂದು ಧ್ವನಿವರ್ಧಕದ ಕಡೆ ಕತ್ತೆತ್ತಿ ಕೂತಳು. ರೈಲು ಹೋಯಿತು. ಅದು ಹೋಯಿತೆಂದೂ ಅವರು ಒಂದು ಅಕ್ಷರ ಮುಕ್ಕಾಗದಂತೆ ಹೇಳಿದರು.

ಆಗ ಪಾಸನ್ನು ಮತ್ತೆ ತಿರುವಿ ನೋಡಿದಳು. ಅವಳ ದಿನಗಳಲ್ಲಿ ಏರುತ್ತಾ ಹೋದ ಗೀಟುಗಳು, ಅವಳ ದಿನಗಳು ಮುಗಿದದ್ದೇ ಮೆಟ್ಟಿಲಿಳಿದಂತೆ ಇಳಿದಿದ್ದವು. ನೀರು ಅದೇ, ಬಟ್ಟೆ ಅದೇ, ನೆಲ ಅದೇ, ಬೆಕ್ಕು ಆರು ದಿನವೂ ಅಲ್ಲೇ. ಬೇರೆಯಾಗಿದ್ದದ್ದು ಮೂರು ಬಾಟಲಿ. ಡಾಕ್ಟರು ಹೇಳಿದ್ದ ಮೂರನೆಯ ಮಾತು ಆಗ ಅವಳ ಕಿವಿಗೆ ಬಿತ್ತು. ಫ್ರಿಜ್ಜಿನ ಮೇಲಿನ ಬೆಕ್ಕು ಕಣ್ಣಿಗೆ ಬಂತು. ಈಚೆಗೆ ಅಲ್ಲಿ ಕೂತು ಅದು ಬಿಟ್ಟೂಬಿಡದೆ ಪಾದ ನೆಕ್ಕುತ್ತಿತ್ತು, ಬಾಯಿಂದ ಜೊಲ್ಲು ಇಳಿಯುತ್ತಿತ್ತು. ನನ್ನ ನೆಲದ ರುಚಿ ಹತ್ತಿದೆ ಎಂದುಕೊಂಡಿದ್ದಳಲ್ಲ, ಮಂಕೇ! ಅದು ತೋರಿದ್ದು ಮರ್ಯಾದೆಯಲ್ಲ, ಪ್ರಾಣಭಯ.

ಮುಂದಿನ ರೈಲಿಗೆ ಮನೆ ಮುಟ್ಟಿದರೆ ನಲ್ಲಿಯ ಹತ್ತಿರ ಓರಗಿತ್ತಿ ನಿಂತಿದ್ದಳು.

“ಅಕ್ಕಾ, ಗಾರ್ಡನ್ನ ನಾಳೆ ಕಳಿಸ್ತಾರಂತೆ. ಅಮ್ಮ ಬುಟ್ಟಿಗೆ ಮೆತ್ತೆ ಹೊಲೀತಾ ಕಣ್ಣೊರೆಸ್ಕೊಳ್ತಿದ್ರು. ನಾವೇನಾದ್ರೂ ಮಾಡೋಕಾಗುತ್ತಾ?”

‘ನಾವು’ ಎಂಬ ಆ ಒಂದು ಮಾತು ಮುಳ್ಳಿನ ಹಾಗೆ ಚುಚ್ಚಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಪರಿಮಳಕ್ಕ ಸೊಂಟದ ಪಾಸನ್ನು ಮುಟ್ಟಿ ನೋಡಿಕೊಂಡಳು. ಹೇಳಿದರೆ ಆರೂ ದಿನ ಇವಳಿಗೆ ಹೋಗುತ್ತದೆ. ಹೇಳದಿದ್ದರೆ ಬೆಕ್ಕು ಹೋಗುತ್ತದೆ. “ಬೆಕ್ಕಿನ ಹಣೆಬರಹ. ನೀನು ನೀರು ಹಿಡಿದು ಜಾಗ ಬಿಡು” ಎಂದು ಗದರಿದಳು.

ಭಾನುವಾರ ಬೆಳಿಗ್ಗೆ ಬಕೆಟ್ಟೂ ಇಲ್ಲದೆ, ಬಾಟಲಿಯೂ ಇಲ್ಲದೆ ಅವಳು ಮೂರನೇ ಮಹಡಿಯ ಗಂಟೆ ಒತ್ತಿದಳು. ಒಡತಿಯ ತಮ್ಮ ಆಗಲೇ ಬಂದಿದ್ದ. ಬೆತ್ತದ ಬುಟ್ಟಿಯೊಳಗಿನಿಂದ ಗಾರ್ಡ್ ಒಂದೇ ಕಣ್ಣಿನಲ್ಲಿ ಅವಳನ್ನು ನೋಡಿ, ಇನ್ನೂ ಹಿಂದಕ್ಕೆ ಸರಿಯಿತು.

“ಬುಟ್ಟಿ ಇಳಿಸಿ ಅಮ್ಮಾ. ಸೀನು ಬೆಕ್ಕಿಂದಲ್ಲ.”

“ಧೂಳಾ? ಓರಗಿತ್ತಿ ಮೇಲೆ ಚಾಡಿ ಹೇಳೋಕೆ ಭಾನುವಾರಾನೂ ರಜೆ ಇಲ್ವಾ ನಿಂಗೆ?”

“ಧೂಳೂ ಅಲ್ಲ.” ಪಾಸನ್ನು ಮೇಜಿನ ಮೇಲೆ ಬೋರಲು ಹಾಕಿದಳು. “ಸೋಮವಾರ ನಾಲ್ಕು, ಮಂಗಳವಾರ ಏಳು, ಬುಧವಾರ ಒಂಬತ್ತು. ಇವಿಷ್ಟೂ ನನ್ನವು. ಅವಳದು ಶನಿವಾರ ಸೊನ್ನೆ.”

ಯಜಮಾನರು ಕನ್ನಡಕ ಏರಿಸಿ ಗೀಟುಗಳನ್ನು ನೋಡಿದರು. “ಬುಧವಾರ ಹತ್ತು,” ಎಂದರು ಘೋಷಣೆಯ ದನಿಯಲ್ಲಿ. “ಒಂದು ಮೈಕ್ ಆಫ್ ಮಾಡಿ ಸೀನಿದೆ.”

“ಹತ್ತು ವರ್ಷ ಇಲ್ಲದ್ದು ಈಗ ಯಾಕೆ ಬಂತು?” ಒಡತಿ ಬಿಡಲಿಲ್ಲ.

“ಆಗ ಒಂದು ಮುಚ್ಚಳ ಹಾಕ್ತಿದ್ದೆ. ಅವಳು ಬಂದ್ಮೇಲೆ ಮೂರು.”

“ಯಾಕೆ?”

ಪರಿಮಳಕ್ಕ ನೆಲ ನೋಡಿದಳು. “ಹೊಟ್ಟೆ ಉರಿ ಅಮ್ಮಾ. ಉರಿದಿದ್ದು ಹೊಟ್ಟೆ, ಸುರಿದಿದ್ದು ನೆಲಕ್ಕೆ.”

ಒಡತಿಯ ತಮ್ಮ ಬುಟ್ಟಿಯ ಮುಚ್ಚಳ ತೆಗೆದ. “ಬೆಕ್ಕು ಸಿಗದಿದ್ರೆ ಹೋಗ್ಲಿ, ಆ ಮೂರು ಬಾಟಲಿ ಕೊಟ್ಟುಬಿಡಿ. ಇಲಿಗಳು ತಾವಾಗೇ ಗೋದಾಮು ಬಿಟ್ಟು ಓಡ್ತವೆ.” ಯಜಮಾನರು ನಗಲು ಹೋಗಿ ಕೆಮ್ಮಿದರು. ಒಡತಿ ನಗಲಿಲ್ಲ. “ಒಂದು ವಾರ ಬಾಟಲಿ ಹೋಗ್ಲಿ, ಬೆಕ್ಕು ಇರ್ಲಿ. ಡಾಕ್ಟರು ಒಂದೊಂದಾಗಿ ಬಿಟ್ಟು ನೋಡಿ ಅಂದಿದ್ರು” ಎಂದು ಹೇಳಿ, ಬುಟ್ಟಿಯ ಮೆತ್ತೆ ಕೊಡವುತ್ತಾ, “ನಾಳೆ ಹೊತ್ತಿಗೆ ಸರಿಯಾಗಿ ಬಾ” ಎಂದರು. ಆರು ದಿನ ಓರಗಿತ್ತಿಗೆ ಎನ್ನಲಿಲ್ಲ. ಪರಿಮಳಕ್ಕನ ಉಸಿರು ಆಗ ವಾಪಸು ಬಂತು.

ನಿಜವಾಗಿ ಕಷ್ಟವಾದದ್ದು ಅವತ್ತು ಸಂಜೆ, ನಲ್ಲಿಯ ಹತ್ತಿರ. “ಏ, ನೀರು ಎಷ್ಟು ಬಿಸಿ ಇರ್ಬೇಕು?” ಎಂದು ಓರಗಿತ್ತಿಯನ್ನು ಕೇಳುವಾಗ ಪರಿಮಳಕ್ಕ ತೊಳೆದ ಬಿಂದಿಗೆಯನ್ನೇ ಮತ್ತೆ ತೊಳೆಯುತ್ತಿದ್ದಳು. ಚಿಕ್ಕವಳು ಹಂಗಿಸಲಿಲ್ಲ. ಒಳಗೆ ಹೋಗಿ ಸೋಪಿನ ಒಂದು ತುಂಡು ತಂದು ಕೈಗಿಟ್ಟಳು. ಹಂಗಿಸಿದ್ದರೇ ವಾಸಿಯಿತ್ತು, ಜಗಳಕ್ಕಾದರೂ ಒಂದು ದಾರಿ ಸಿಗುತ್ತಿತ್ತು.

ಸೋಮವಾರ ಕಪಾಟುಗಳ ಅಡಿಯನ್ನೂ ಬಿಡದೆ ಒರೆಸಿದಾಗ ಮೊದಲ ಬಕೆಟ್ಟಿನ ನೀರು ಕರ್ರಗಾಯಿತು. ಘಮದ ಗುಂಗಿನಲ್ಲಿ ಅವಳು ನೀರಿನ ಬಣ್ಣ ನೋಡಿ ಎಷ್ಟೋ ವರ್ಷವಾಗಿತ್ತು. ಮೂರು ಸಲ ಬದಲಿಸಿದಳು. ಮೂರನೆಯದು ತಿಳಿಯಾಗಿ ಉಳಿಯಿತು. ರೂಢಿಯಂತೆ ಹೊರಗೆ ಹೋಗಿ, ಬಾಗಿಲು ಎಳೆದುಕೊಂಡು, ನೆಂಟರ ಹಾಗೆ ಒಳಗೆ ಬಂದು ಉಸಿರೆಳೆದಳು. ಏನೂ ಇಲ್ಲ. ತನ್ನ ಹೆಸರನ್ನು ತಾನೇ ಒರೆಸಿ ಹಾಕಿದಂತಾಯಿತು. ಕಣ್ಣು ತುಂಬಿಕೊಂಡಿತು. ಫಿನಾಯಿಲಿನ ಮೇಲೆ ಹೊರಿಸೋಣವೆಂದರೆ ಫಿನಾಯಿಲು ಇರಲಿಲ್ಲ.

ಆಗ ಫ್ರಿಜ್ಜಿನ ಮೇಲಿನಿಂದ ಧೊಪ್ಪೆಂದು ಸದ್ದಾಯಿತು. ಗಾರ್ಡ್ ನೆಲವನ್ನು ಮೂಸಿತು, ಒಂದು ಪಾದ ಇಟ್ಟಿತು, ತೆಗೆಯಿತು, ಮತ್ತೆ ಇಟ್ಟಿತು. ನಡುಮನೆಯ ಮಧ್ಯಕ್ಕೆ ಬಂದು, ಸುತ್ತು ಹಾಕಿ ಮಲಗಿತು. ಪರಿಮಳಕ್ಕ ಬಕೆಟ್ಟಿನ ಪಕ್ಕ ಅಲುಗಾಡದೆ ನಿಂತೇ ಇದ್ದಳು. ನೋಯುವ ಮೊಣಕಾಲನ್ನು ಬದಲಿಸಲೂ ಇಲ್ಲ.

ಕಪಾಟುಗಳ ಅಡಿಯಿಂದ ಎದ್ದ ಹಳೇ ಘಾಟು ಹೋಗಲು ಎರಡು ದಿನ ಹಿಡಿಯಿತು. ಸೋಮವಾರ ಎರಡು ಸೀನು, ಮಂಗಳವಾರ ಒಂದು. ಬುಧವಾರ ಯಜಮಾನರು ನಲವತ್ತು ನಿಮಿಷ ತಡವಾದ ರೈಲಿನ ಸುದ್ದಿಯನ್ನು ಒಂದೂ ಸೀನಿಲ್ಲದೆ ಸೊಗಸಾಗಿ ಹೇಳಿದರು. ಪ್ಲಾಟ್‌ಫಾರ್ಮಿನ ಮೇಲೆ ಅದನ್ನು ಕೇಳಿ ಖುಷಿಪಟ್ಟವಳು ಅವಳೊಬ್ಬಳೇ. ಮನೆಗೆ ಬಂದವಳೇ ನಲ್ಲಿಯ ಹತ್ತಿರ ಓರಗಿತ್ತಿಯನ್ನು ಹಿಡಿದಳು.

“ಸೊನ್ನೆ ಕಣೇ. ನಂದೂ ಸೊನ್ನೆ.”

“ಬಹಳ ಒಳ್ಳೇದಾಯ್ತು ಅಕ್ಕಾ.”

“ಗಾರ್ಡ್ ಮೂರು ದಿನದಿಂದ ನಡುಮನೆ ಮಧ್ಯದಲ್ಲೇ ಮಲಗುತ್ತೆ, ಒದ್ದೆ ಆರೋಕೂ ಬಿಡಲ್ಲ. ನಿನ್ನ ದಿನ ನೆಲದ ಮೇಲೆ ಎಲ್ಲಿ ಮಲಗುತ್ತೆ?”

“ನೆಲದ ಮೇಲೆಲ್ಲಿ ಅಕ್ಕಾ,” ಚಿಕ್ಕವಳು ಕೊಡ ಎತ್ತಿಕೊಳ್ಳುತ್ತಾ ನಕ್ಕಳು. “ಕೆಲಸ ಮುಗಿಸಿ ಸ್ಟೂಲಿನ ಮೇಲೆ ಕೂತ್ರೆ ಸಾಕು, ಬಂದು ತೊಡೆ ಏರಿಬಿಡುತ್ತೆ.”

ಪರಿಮಳಕ್ಕ ತನ್ನ ಬಿಂದಿಗೆಯನ್ನು ನಲ್ಲಿಯ ಕೆಳಗೆ ಕುಕ್ಕಿದ ಸದ್ದು ಗೋಡೆಯ ಆಚೀಚೆಯ ಎರಡೂ ಮನೆಗೆ ಕೇಳಿಸಿತು. ಮುಂದಿನ ಸೋಮವಾರ ಅವಳು ಅರ್ಧ ಗಂಟೆ ಮುಂಚೆಯೇ ಮೂರನೇ ಮಹಡಿಗೆ ಬಂದಳು. ಲಿಫ್ಟಿನವನು “ಇವತ್ತು ಯಾವ ಮಹಡಿ ಅಂತ ಗೊತ್ತೇ ಆಗಲ್ಲ ಬಿಡಿ” ಎನ್ನುವಷ್ಟರಲ್ಲಿ ಅವಳು ಇಳಿದು ಗಂಟೆ ಒತ್ತಿದ್ದಳು. ಒಳಗೆ ಕಾಲಿಟ್ಟವಳೇ ಒಡತಿಯನ್ನು ಕೇಳಿದ ಮೊದಲ ಮಾತು ಬಕೆಟ್ಟಿನದಲ್ಲ.

“ಅಮ್ಮಾ, ಆ ಸ್ಟೂಲು ಎಲ್ಲಿದೆ?”