ಚಕ್ಕುಬಂದಿಯಿಂದ ಎಳೆದ ಗೆರೆ

ತಣಿಸಂದ್ರದ ನಮ್ಮ ಬೀದಿಯಲ್ಲಿ ಭಾವನವರು ಒಂದು ಬೆಳಿಗ್ಗೆ ಹಿಂದಿನ ಮನೆಗೆ ಹೋಗುವ ದಾರಿಗೆ ಅಡ್ಡಲಾಗಿ ಕಬ್ಬಿಣದ ಗೇಟು ಹಾಕಿಸಿ ಬೀಗ ಜಡಿದುಬಿಟ್ಟರು. ಅಲ್ಲಿರುವ ಚಿಕ್ಕತ್ತೆಗೆ ಉಳಿದದ್ದು ಒಂದು ಸಂದಿ. ಅದರಲ್ಲಿ ಅವರ ವೀಲ್‌ಚೇರ್ ತೂರದು. ಆಸ್ಪತ್ರೆಗೂ ಇಬ್ಬರು ಎತ್ತಿಕೊಂಡೇ ಹೋಗಬೇಕು. ಭಾವ ಕಟ್ಟಡ ಕಟ್ಟಿಸುವವರು. ಜಾಗ ನನ್ನ ಸೈಟಿನದು, ದಾರಿ ಅಂತ ಪತ್ರವಿದ್ದರೆ ತೋರಿಸಿ ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ದಾರಿಗೆಂದು ಯಾರಾದರೂ ಪತ್ರ ಮಾಡಿಸುತ್ತಾರೆಯೇ? ನಮ್ಮವರು ಕ್ರಯಪತ್ರ ತೆಗೆದರೆ ಅಳತೆ ನೋಡಿ ಮಡಚಿಡುತ್ತಾರೆ. ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿಗೂ ಏನೇನಿದೆ ಎಂಬ ಸಾಲುಗಳನ್ನು ಯಾರೂ ಓದುವುದಿಲ್ಲ. ನಾನು ಶಾಲೆಯಲ್ಲಿ ಭೂಗೋಳ ಕಲಿಸುವವಳು, ದಿಕ್ಕು ಬಿಡುವವಳಲ್ಲ. ಅಕ್ಕಪಕ್ಕದ ನಾಲ್ಕು ಮನೆಗಳ ಪತ್ರ ಬೇಡಿ ತಂದು ಸ್ಕ್ಯಾನ್ ಮಾಡಿದೆ. ಹಳೆಯ ಗ್ರಾಮನಕ್ಷೆ ಇಳಿಸಿಕೊಂಡೆ. ಎಲ್ಲವನ್ನೂ ಒಂದೇ ವೆಬ್ ಪುಟದಲ್ಲಿ ಕೂರಿಸಿದೆ.

ನೆರವಾದ ನಮ್ಮ ಶಾಲೆಯ ಕಂಪ್ಯೂಟರ್ ಮೇಡಂ, ಪತ್ರದಲ್ಲಿ ದಾರಿಯ ಮಾತು ಬರುವ ಪದ ಒತ್ತಿದರೆ ನಕ್ಷೆ ಬೇರೆ ಪುಟದಲ್ಲಿ ತೆರೆಯಲಿ ಅಂದರು. ಬೇಡವೇ ಬೇಡ ಅಂದೆ. ನಕ್ಷೆ ಬಂದ ಕೂಡಲೇ ಪತ್ರ ಮಾಯವಾದರೆ ನಮ್ಮ ಜನ ನಂಬಿಯಾರೇ? ಎಡಕ್ಕೆ ಪತ್ರಗಳು, ಬಲಕ್ಕೆ ನಕ್ಷೆ. ‘ಬಂಡಿದಾರಿ’ ಎಂದಿರುವಲ್ಲೆಲ್ಲ ಆ ಪದದಿಂದ ನಕ್ಷೆಯ ಜಾಗದವರೆಗೆ ಕಣ್ಣಿಗೆ ರಾಚುವ ಕೆಂಪು ಗೆರೆ. ಕೆಳಗೆ ಚಿಕ್ಕತ್ತೆ ಬರೆಸಿದ ಟಿಪ್ಪಣಿ: ಮದುವೆಯಾಗಿ ಬಂದ ದಿನ ಅವರ ಗಾಡಿ ಅಲ್ಲೇ ಬಂದಿತ್ತು.

ಭಾನುವಾರ ಮನೆಯವರನ್ನೆಲ್ಲ ಸೇರಿಸಿ ಭಾವನ ಟಿವಿಯಲ್ಲೇ ತೋರಿಸಿದೆ. ಚಿಕ್ಕತ್ತೆಯನ್ನು ಇಬ್ಬರು ಹೊತ್ತು ತಂದಿದ್ದರು. ನಾಲ್ಕು ಪತ್ರಗಳ ಗೆರೆಗಳೂ ಗೇಟು ನಿಂತ ಜಾಗಕ್ಕೇ ಹೋಗಿ ಸೇರಿದವು. ಅವೆಲ್ಲ ಬೇರೆಯವರ ಪತ್ರ ಎಂದು ಭಾವ ಗೊಣಗಿದರು.

“ನಿಮ್ಮದೂ ಕೊಡಿ ಭಾವ, ಸೇರಿಸ್ತೀನಿ” ಅಂದೆ.

ಅವರು ಅಲ್ಲಾಡಲಿಲ್ಲ. ಅವರ ಹೆಂಡತಿಯೇ ಎದ್ದು ಬೀರುವಿನಿಂದ ತಂದುಕೊಟ್ಟರು. ಅದರಲ್ಲೂ ಪೂರ್ವಕ್ಕೆ ಬಂಡಿದಾರಿ! ಕೆಳಗೆ ಭಾವನದೇ ಸಹಿ. ಗಟ್ಟಿಯಾಗಿ ಓದಿ ಎಲ್ಲರೆದುರೇ ಐದನೆಯ ಗೆರೆ ಎಳೆದೆ. ಅಬ್ಬಾ, ಅಂಥ ಖುಷಿ ನನಗೆ ಯಾವತ್ತೂ ಆಗಿರಲಿಲ್ಲ.

ಚಿಕ್ಕತ್ತೆ ಭಾವನ ಕಡೆ ತಿರುಗಿದರು. “ಏನಪ್ಪಾ, ಗೇಟ್ ತೆಗಿಸ್ತೀಯೋ, ಇಲ್ಲಾ ಇಂಗೇ ದಿನಾ ನೀನೇ ನನ್ನ ಎತ್ಕೊಂಡ್ ಓಡಾಡ್ತೀಯೋ?”

ಭಾವ ತಲೆ ತಗ್ಗಿಸಿ ವೆಲ್ಡಿಂಗ್‌ನವನಿಗೆ ಫೋನ್ ಮಾಡಿದರು. ಸಂಜೆಗೆ ಗೇಟು ಹೋಯಿತು. ನಾನು ವೀಲ್‌ಚೇರ್ ತಳ್ಳಲು ಹೋದೆ.

“ಬಿಡಮ್ಮಾ, ನಾನೇ ಓಗ್ತೀನಿ” ಅಂದರು ಚಿಕ್ಕತ್ತೆ. ಒಬ್ಬರೇ ಗಾಲಿ ತಿರುಗಿಸಿಕೊಂಡು, ಒಮ್ಮೆಯೂ ನಿಲ್ಲದೆ, ದೊಡ್ಡ ರಸ್ತೆ ಮುಟ್ಟಿದರು.