ಹೋಲಿಕೆಯ ಹಾಳೆ

ನಲವತ್ತು ಹಾಳೆಗಳನ್ನು ಒಟ್ಟಿಗೇ ಮಡಚುವ ಸದ್ದು, ಅದರ ಹಿಂದೆಯೇ ಮಡಚಿದ ಗೆರೆಯ ಮೇಲೆ ಉಗುರು ಎಳೆಯುವ ಸದ್ದು. ತುಮಕೂರಿನ ಕಾಲೇಜಿನಲ್ಲಿ ಪಾಠ ಮಾಡುವ ನನಗೆ ಅದು ವರ್ಷಕ್ಕೊಮ್ಮೆ ಕೇಳಿಸುತ್ತದೆ, ಎರಡು ವಸ್ತುಗಳನ್ನು ಹೋಲಿಸಿ ಪ್ರಬಂಧ ಬರೆಯುವುದನ್ನು ಕಲಿಸುವ ದಿನ. ಮಕ್ಕಳು ಬರೆಯುವಷ್ಟು ಹೊತ್ತು ನಾನು ಕಿಟಕಿಯ ಬಳಿ ಹೋಗಿ ನಿಲ್ಲುತ್ತೇನೆ. ಎಲ್ಲಿಂದಲೋ ಹರಳೆಣ್ಣೆಯ ವಾಸನೆ ಬರುತ್ತದೆ.

ಅದು ಗುಬ್ಬಿಯ ನಮ್ಮ ಮನೆಯ ವಾಸನೆ. ಆ ಮನೆ ಈಗಿಲ್ಲ. ಅಲ್ಲಿ ಅಪ್ಪ, ದೊಡ್ಡಪ್ಪನ ಎರಡು ಸಂಸಾರಕ್ಕೂ ಅಜ್ಜಿಗೂ ಒಂದೇ ಅಡುಗೆಮನೆ. ಅಮೃತೂರಿನಿಂದ ಬಂದ ನನ್ನ ಅಮ್ಮನದು ಸೀಮೆಎಣ್ಣೆ ಸ್ಟೌ, ಮಿಕ್ಸಿ. ಊರ್ಡಿಗೆರೆಯಿಂದ ಬಂದ ದೊಡ್ಡಮ್ಮನದು ಸೌದೆ ಒಲೆ, ಒರಳುಕಲ್ಲು. ದೊಡ್ಡಮ್ಮನಿಗೆ ಹೆಣ್ಣುಮಕ್ಕಳಿರಲಿಲ್ಲ. ಬೆಳಿಗ್ಗೆ ಯಾರ ಕೈ ಬಿಡುವಾಗಿರುತ್ತಿತ್ತೋ ಅವರ ಮುಂದೆ ಬಾಚಣಿಗೆ ಹಿಡಿದು ಕೂರುತ್ತಿದ್ದೆ. ಇಬ್ಬರೂ ಹಚ್ಚುತ್ತಿದ್ದುದು ಅದೇ ಹರಳೆಣ್ಣೆ. ದೊಡ್ಡಮ್ಮ ಹಾಕಿದ ಜಡೆ ಮಾತ್ರ ಸಂಜೆಯವರೆಗೂ ಬಿಚ್ಚಿಕೊಳ್ಳುತ್ತಿರಲಿಲ್ಲ.

ಎಂಟನೇ ತರಗತಿಯಲ್ಲಿ ನಮ್ಮ ಕನ್ನಡ ಮೇಷ್ಟ್ರು, ಪ್ರಬಂಧಕ್ಕೆ ಮೊದಲು ಹಾಳೆ ಸಿದ್ಧಮಾಡಿ ಎಂದರು. ನಡುವೆ ಗೆರೆ, ಎಡಕ್ಕೊಂದು ಹೆಸರು, ಬಲಕ್ಕೊಂದು. ಕೆಳಗಿನ ನಾಲ್ಕು ಬೆರಳಿನಷ್ಟು ಜಾಗ ಎರಡರಲ್ಲೂ ಸಮನಾಗಿರುವುದಕ್ಕೆ. ಅದನ್ನು ಮಡಚಿಟ್ಟುಕೊಂಡು ಮೊದಲು ವ್ಯತ್ಯಾಸಗಳನ್ನೆಲ್ಲ ಬರೆಯಬೇಕು. "ಮಡಚಿದ್ದನ್ನ ಕೊನೇಗೆ ಬಿಚ್ಚಿ. ಅಲ್ಲೇ ಇರೋದು ಪ್ರಬಂಧ" ಎಂದಿದ್ದರು. ನಾನು ಎಡಕ್ಕೆ ಅಮ್ಮ, ಬಲಕ್ಕೆ ದೊಡ್ಡಮ್ಮ ಎಂದು ಬರೆದೆ. ಸ್ಟೌ, ಒಲೆ. ಮಿಕ್ಸಿ, ಒರಳುಕಲ್ಲು. ಸ್ಟೀಲ್ ಡಬ್ಬಗಳು, ಹಿತ್ತಾಳೆ ಕೊಳಗ. ಕೊನೆಗೆ ಬಿಚ್ಚಿ, ಕೆಳಗೆ ಎರಡು ಸಾಲು ಬರೆದು, ನಾಚಿಕೆಯಾಗಿ ಮತ್ತೆ ಮಡಚಿದೆ. ಹಾಳೆಯನ್ನು ಉಪ್ಪಿನ ಜಾಡಿಯ ಕೆಳಗಿಟ್ಟು ನೀರು ತರಲು ಹೋದೆ.

ನಮ್ಮ ಕಡೆ ಅಣ್ಣತಮ್ಮಂದಿರು ಬೇರೆಯಾಗುವಾಗ ಹಿರಿಯರು ಪಾಲುಪಟ್ಟಿ ಬರೆಯುವುದೂ ಹೀಗೆಯೇ, ಎರಡು ಹೆಸರು, ಅವುಗಳ ಕೆಳಗೆ ಪಾತ್ರೆಪಗಡ. ನನಗದು ಗೊತ್ತಿರಲಿಲ್ಲ. ತವರಿನಲ್ಲಿ ಅದನ್ನು ಕಂಡಿದ್ದ ದೊಡ್ಡಮ್ಮನಿಗೆ ಗೊತ್ತಿತ್ತು. ನಾನು ಕೊಡ ಇಳಿಸುವಾಗ ಹಾಳೆ ಅವಳ ಕೈಯಲ್ಲಿತ್ತು. ಅವಳು ಅಮ್ಮನ ಕಡೆ ತಿರುಗಿದಳು.

"ಏನೇ ಜಯಾ, ಬಾಯ್ಬಿಟ್ಟು ಕೇಳಿದ್ರೆ ಕೊಡ್ತಿರ್ಲಿಲ್ವಾ ನಾನು? ಮಗಳ ಕೈಲಿ ಪಟ್ಟಿ ಬರ್ಸ್ಬೇಕಿತ್ತಾ?"

"ಯಾವ ಪಟ್ಟಿ ಅಕ್ಕ? ನಂಗೊಂದೂ ಗೊತ್ತಿಲ್ಲ" ಎಂದಳು ಅಮ್ಮ.

"ಅದು ಸ್ಕೂಲಿನ ಪ್ರಬಂಧ, ದೊಡ್ಡಮ್ಮ" ಎಂದೆ.

ದೊಡ್ಡಪ್ಪ ನಕ್ಕ. "ಒರಳುಕಲ್ಲಿನ ಮೇಲೆ ಪ್ರಬಂಧ! ನಾಳೆ ಒನಕೆ ಮೇಲೆ ಬರ್ಸ್ತಾರೇನಮ್ಮ ನಿಮ್ಮ ಮೇಷ್ಟ್ರು?"

"ಎಲ್ಲಿ, ಪ್ರಬಂಧ ತೋರ್ಸು" ಎಂದ ಅಪ್ಪ.

"ಇನ್ನೂ ಬರ್ದಿಲ್ಲ."

ಅದು ನಿಜವಾಗಿತ್ತು, ಆದರೆ ಯಾರಿಗೂ ನಿಜವೆನಿಸಲಿಲ್ಲ. ಕೆಳಗೆ ಬಿಚ್ಚಿ ನೋಡು ಎಂದಿದ್ದರೆ ಸಾಕಿತ್ತು. ಅಷ್ಟು ಜನರ ಮುಂದೆ ಆ ಎರಡು ಸಾಲನ್ನು ಓದಿಸಿಕೊಳ್ಳಲು ನನ್ನಿಂದಾಗಲಿಲ್ಲ. ದೊಡ್ಡಮ್ಮ ಮಡಿಕೆ ಬಿಚ್ಚದೆಯೇ ಹಾಳೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮರುದಿನ ಬಾಚಣಿಗೆ ಹಿಡಿದು ಕೂತೆ. ಅವಳು ಒಲೆಯ ಕಡೆ ತಿರುಗಿಯೇ ಇದ್ದಳು.

ಬೇರೆಯಾಗುವ ಆಸೆ ಆ ಮನೆಯ ಗಂಡಸರಿಬ್ಬರಿಗೂ ಮೊದಲೇ ಇತ್ತೆಂದು ಈಗ ನನಗನಿಸುತ್ತದೆ. ಮೊದಲು ಬಾಯಿಬಿಟ್ಟವರಾಗುವುದು ಮಾತ್ರ ಇಬ್ಬರಿಗೂ ಬೇಕಿರಲಿಲ್ಲ. ಆ ಕೆಲಸವನ್ನು ನಾನು ಮಾಡಿಕೊಟ್ಟಿದ್ದೆ. ಮೇಷ್ಟ್ರಿಗೆ ಬಸ್ಸು ಮತ್ತು ರೈಲಿನ ಬಗ್ಗೆ ಬರೆದುಕೊಟ್ಟೆ. ಚೆನ್ನಾಗಿದೆ ಎಂದರು.

ಎರಡು ತಿಂಗಳ ಮೇಲೆ ನಡುಮನೆಯಲ್ಲಿ ಹಿರಿಯರು ಸೇರಿದರು. ಹೊಸದಾಗಿ ಬರೆಯುವ ಶ್ರಮವೇಕೆ ಎಂದು ದೊಡ್ಡಪ್ಪ ಅದೇ ಹಾಳೆಯನ್ನು ಮುಂದಿಟ್ಟ. ನಾನು ಕಂಬದ ಮರೆಯಲ್ಲಿದ್ದೆ. ಅಪ್ಪನ ಸೋದರಮಾವ ಕನ್ನಡಕ ಹಾಕಿಕೊಂಡು ಒಂದೊಂದನ್ನೇ ಓದಿದರು. ಸ್ಟೌ ಎಡಕ್ಕೆ ಹೋಯಿತು, ಒರಳುಕಲ್ಲು ಬಲಕ್ಕೆ. ಆಮೇಲೆ ಅವರು ಕೆಳಗಿನ ಮಡಿಕೆಯನ್ನು ಬಿಚ್ಚಿದರು.

"ಅಜ್ಜಿ ಇಬ್ಬರಿಗೂ ಸೇರಿದವಳು" ಎಂದು ಓದಿ, "ಸರಿ, ಆರಾರು ತಿಂಗಳು ಇಟ್ಕೊಳ್ಳಿ" ಎಂದರು. ಗೋಡೆಗೊರಗಿ ಕೂತಿದ್ದ ಅಜ್ಜಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

ಇನ್ನೊಂದು ಸಾಲು ಉಳಿದಿತ್ತು. "ಇಬ್ಬರೂ ನನಗೆ ಜಡೆ ಹಾಕುತ್ತಾರೆ. ಕಣ್ಣು ಮುಚ್ಚಿ ಕೂತರೆ ಯಾರ ಕೈ ಎಂದು ಗೊತ್ತಾಗುವುದಿಲ್ಲ."

ದೊಡ್ಡಮ್ಮ ತಲೆಯೆತ್ತಿ ನನ್ನನ್ನು ಹುಡುಕಿ ನೋಡಿದಳು. ಅದು ಪಟ್ಟಿಯಲ್ಲವೆಂದು ಅವಳಿಗೆ ಆಗ ತಿಳಿಯಿತು.

"ಇದು ಯಾರ ಪಾಲಿಗೂ ಬರಲ್ಲ, ಬುಡು" ಎಂದು ಸೋದರಮಾವ ಆ ಸಾಲಿನ ಮೇಲೆ ಪೆನ್ನು ಎಳೆದರು.