ಇನ್ನೊಂದ್ಸಲ ಡಾಕ್ಟರಮ್ಮ

ತಲೆಗೆ ಪೆಟ್ಟು ಬಿದ್ದವರು ಬಂದು ಮಲಗುವ ನಮ್ಮ ಐಸಿಯುನಲ್ಲಿ ಹೊಸ ಔಷಧಿಯ ಸಂಶೋಧನೆ ಮಾಡುವ ಡಾಕ್ಟರಮ್ಮನಿಗೆ ನಾವು ನರ್ಸುಗಳು ಇಟ್ಟ ಹೆಸರು ‘ಇನ್ನೊಂದ್ಸಲ’. ಯಾವುದನ್ನೂ ಒಂದೇ ಏಟಿಗೆ ನಂಬುವವರಲ್ಲ. ಗಂಡ ಟೀ ಚೆನ್ನಾಗಿದೆ ಎಂದರೆ, ‘ಇನ್ನೊಂದ್ ಗುಟುಕು ಕುಡಿದು ಹೇಳಿ, ಬಾಯಿತಪ್ಪಿ ಬಂದಿರಬಹುದು’ ಎನ್ನುತ್ತಾರಂತೆ. ಮಗಳು ಮುತ್ತು ಕೊಟ್ಟರೆ ಇನ್ನೊಂದು ಕೆನ್ನೆಯನ್ನೂ ಒಡ್ಡುವುದು ಆಸೆಗಲ್ಲ, ಖಾತ್ರಿಗೆ. ಅವರ ಸಂಶೋಧನೆಯಲ್ಲಿ ಎಂದಿನ ಚಿಕಿತ್ಸೆಯ ಜೊತೆಗೆ ಅರ್ಧ ರೋಗಿಗಳಿಗೆ ಹೊಸ ಔಷಧಿ, ಇನ್ನರ್ಧಕ್ಕೆ ಬರೀ ಉಪ್ಪುನೀರು. ಯಾರಿಗೆ ಯಾವುದೆಂದು ಡಾಕ್ಟರಮ್ಮನಿಗೇ ತಿಳಿದಿರುವುದಿಲ್ಲ. ‘ನಮ್ಮವರಿಗೆ ಯಾವುದು ಹೋಗ್ತಿದೆ?’ ಎಂದು ಮನೆಯವರು ಕೇಳಿದರೆ, ‘ನಂಗೂ ಗೊತ್ತಿಲ್ಲಮ್ಮ. ಗೊತ್ತಾದ್ರೆ ನನ್ ಕಣ್ಣು ಆಸೆಗೆ ಬಿದ್ದು ಇಲ್ಲದ್ದನ್ನೂ ನೋಡುತ್ತೆ’ ಎನ್ನುತ್ತಾರೆ. ಬೆಳಿಗ್ಗೆ ಬೆಳಿಗ್ಗೆ, ಹೇಳಿದ ಮಾತು ತಿಳಿಯುತ್ತದೆಯೇ ಎಂದು ನೋಡಲು, ಪ್ರಜ್ಞೆಯಿಲ್ಲದವರ ಕಿವಿಯ ಹತ್ತಿರ ಬಗ್ಗಿ, ‘ಎಲ್ಲಿ, ನಾಲಿಗೆ ಚಾಚಿ ನೋಡೋಣ’ ಎನ್ನುತ್ತಾರೆ. ಮೈಮರೆತು ತಾವೂ ಚಾಚಿಕೊಂಡು ನಿಲ್ಲುತ್ತಾರೆ. ನಾವು ಬೆನ್ನು ತಿರುಗಿಸಿ ನಗುತ್ತೇವೆ. ಮೊನ್ನೆ, ಸ್ಕೂಟರಿನಿಂದ ಬಿದ್ದು ಬಂದಿದ್ದ ಬಡಗಿಯೊಬ್ಬರು ಆ ಮಾತಿಗೆ ಕಣ್ಣು ಬಿಟ್ಟು, ಮೆಲ್ಲಗೆ ನಾಲಿಗೆ ಚಾಚಿಯೇಬಿಟ್ಟರು. ಅವರ ಹೆಂಡತಿ ಸಂತೋಷಕ್ಕೆ ಕೂಗಿಕೊಂಡರು. ನಮ್ಮ ಡಾಕ್ಟರಮ್ಮ ಜಗ್ಗಲಿಲ್ಲ: ‘ಇನ್ನೊಂದ್ಸಲ.’ ಬಡಗಿ ಮತ್ತೆ ಚಾಚಿದರು. ಡಾಕ್ಟರಮ್ಮ ಬರೆದುಕೊಂಡರು, ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟರು, ಆಮೇಲೆ ಮತ್ತೆ ಬಗ್ಗಿ, ‘ಇನ್ನೊಂದೇ ಒಂದ್ಸಲ, ಅಣ್ಣ’ ಎಂದರು. ‘ಪಾಪ, ಸುಸ್ತಾಗಿದಾರೆ. ಎರಡು ಸಲ ಆಯ್ತಲ್ಲ ಮೇಡಂ?’ ಎಂದೆ. ‘ಅದು ಸಂಶೋಧನೆಗಾಯ್ತು ಸಿಸ್ಟರ್,’ ಎಂದರು, ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾ. ‘ಇದು ನಂಗೆ.’